ಪೇಂಟ್ ಮೇಲಿನ ಆಂಟೆನಾ

ಪೀಣ್ಯದ ದರ್ಶಿನಿಯಲ್ಲಿ ಕಾಫಿಯ ಸಾಲಿನಲ್ಲಿ ನಿಂತಿದ್ದ ಯಾಮಿನಿಯ ಮುಂದೆ, ಅದೇ ಸಾಲಿನಲ್ಲಿ, ತಲೆ ನರೆತ ಇಬ್ಬರು ಹಳೆಯ ಗೆಳೆಯರು ಒಬ್ಬರಿಗೊಬ್ಬರು ಎದುರಾದರು. ಅವಳು ಕೇಳಬಾರದೆಂದುಕೊಂಡರೂ ಮಾತು ಕಿವಿಗೆ ಬೀಳುತ್ತಲೇ ಇತ್ತು.

“ಏನ್ ಉಪೇಂದ್ರ, ಶೆಡ್ಡಲ್ಲಿ ಕಟ್ತಿದ್ಯಲ್ಲ, ಆ ವಿಮಾನ ಹಾರ್ತಾ?”

“ಇನ್ನೂ ಇಲ್ಲ ಸುಜಯ್. ನೀನ್ ಬರೋದೇ ಬಿಟ್ಟೆ.”

“ರೇಡಿಯೋ ಕೆಲ್ಸ ಮಾಡ್ಲಿಲ್ಲ ಅಂತ ಎಲ್ರ ಮುಂದೆ ನನ್ನ ‘ವೈರಿಂಗ್ ಬರದೋನು’ ಅಂದೆ. ಯಾವ ಮುಖ ಇಟ್ಕೊಂಡ್ ಬರ್ಲಿ? ರೇಡಿಯೋ ಈಗ್ಲಾದ್ರೂ ಸರಿಯಾಯ್ತಾ?”

“ಆಯ್ತು. ವೈರಿಂಗ್ ನಿಂದೇ ಇದೆ. ಆಂಟೆನಾ ಬಿಚ್ಚಿ ಮತ್ತೆ ಕೂರಿಸ್ದೆ, ಅಷ್ಟೆ.”

“ಅದನ್ನ ಮೊದ್ಲು ಕೂರಿಸಿದ್ದೂ ನೀನೇ ಅಲ್ವಾ?”

“ಹೂಂ. ಪೇಂಟ್ ಕೆರೆದು, ಬುಡ ವಿಮಾನದ ಅಲ್ಯೂಮಿನಿಯಂ ಮೈಗೇ ತಾಗೋ ಹಾಗೆ ಕೂರಿಸು ಅಂದಿದ್ದೆ ನೀನು. ಆಯುಧಪೂಜೆಗೆ ನೆಂಟ್ರೆಲ್ಲ ನೋಡೋಕ್ ಬರ್ತಾರೆ ಅಂತ ಆಗ್ತಾನೆ ಹಳದಿ ಪೇಂಟ್ ಹೊಡೆಸಿದ್ದೆ. ಕೆರೆಯೋಕ್ ಮನಸ್ಸು ಬರ್ಲಿಲ್ಲ. ಪೇಂಟ್ ಮೇಲೇ ಕೂರಿಸ್ಬಿಟ್ಟೆ. ಅದಕ್ಕೇ ರೇಡಿಯೋ ಕೆಲ್ಸ ಮಾಡಿರ್ಲಿಲ್ಲ; ಈಗ ಕೆರೆದು ಕೂರಿಸ್ದೆ.”

“ಕೆರೆದೆ ಅಂತ ನನ್ ಹತ್ರ ಹೇಳಿದ್ದೆ.”

“ಹೇಳಿದ್ದೆ.”

“ನಾನು ಆ ರೇಡಿಯೋನ ಮತ್ತೆ ಮತ್ತೆ ಬಿಚ್ಚಿ ನೋಡ್ತಿದ್ರೆ, ಪಕ್ಕದಲ್ಲೇ ಟಾರ್ಚ್ ಹಿಡ್ಕೊಂಡ್ ನಿಂತಿದ್ಯಲ್ಲೋ!”

ಸಾಲು ಸರಿಯಿತು; ಉಪೇಂದ್ರ ಸುಜಯ್‌ರನ್ನು ಮುಂದೆ ಬಿಟ್ಟರು.

“ಶೆಡ್ಡಲ್ಲಿ ನಮ್ ಜೊತೆ ಕಟ್ತಿದ್ದೋರಿಗೆ ಇದು ಗೊತ್ತಾ?”

“ಇಲ್ಲ. ಭಾನುವಾರ ಎಲ್ರೂ ಸೇರ್ತಾರೆ. ನೀನೂ ಬಾ, ನಿನ್ ಮುಂದೇನೇ ಹೇಳ್ತೀನಿ.”

“ನಾನ್ ಬರಲ್ಲ ಕಣೋ. ಬೈದಿದ್ದು ನನ್ ಮುಂದೆ. ತಪ್ಪು ನಂದು ಅಂತ ನಾನಿಲ್ದೇ ಇದ್ದಾಗ್ಲೂ ಹೇಳ್ತೀಯಾ ನೋಡೋಣ.”

ಸುಜಯ್ ತಮ್ಮ ಲೋಟ ತೆಗೆದುಕೊಂಡು ಹೊರಗಿನ ಕಟ್ಟೆಯತ್ತ ನಡೆದರು.

“ಸಾರ್, ಈಗ ನಿಮ್ ಸರದಿ,” ಎಂದಳು ಯಾಮಿನಿ.

“ನೀವ್ ತಗೊಳಿ ಮೇಡಂ,” ಎಂದು ಉಪೇಂದ್ರ ಸಾಲು ಬಿಟ್ಟು, ಸುಜಯ್ ಇದ್ದ ಕಟ್ಟೆಯತ್ತ ತಿರುಗಿಯೂ ನೋಡದೆ ಹಿಂಬಾಗಿಲಿನಿಂದ ಹೊರಟುಹೋದರು.