ಮರ್ವಿನ್‌ನ ನಡುವಿನ ಯಂತ್ರ

ಕೇಂಬ್ರಿಜ್‌ನ ಕಂಪ್ಯೂಟರ್ ಲ್ಯಾಬ್ ಎದುರಿನ ನನ್ನ ಸ್ಯಾಂಡ್‌ವಿಚ್ ಗಾಡಿಯ ಮುಂದೆ ಮರ್ವಿನ್ ಮತ್ತು ಲೋರ್ನಾ ಇಡೀ ಸಾಲನ್ನೇ ತಡೆದು ನಿಂತಿದ್ದರು. ಓದಿದವರಿಗೆ ಪಕ್ಕಕ್ಕೆ ಸರಿಯುವುದೇ ಗೊತ್ತಿಲ್ಲ.

“ಫೈಲು ದಾಟಿಸೋದು ನನ್ನ ಯಂತ್ರ, ಸರಿಯಿದ್ಯಾ ಅಂತ ನೋಡೋದು ಮಾತ್ರ ಫೈಲು ತಲುಪೋ ಕಡೆ ಕೂತಿರೋ ಅರ್ವಿಂಗಾ?” ಎಂದ ಮರ್ವಿನ್.

“ನಡುವೆ ನಿನ್ನ ಯಂತ್ರ ಸರಿಯಿದೆ ಅಂದ ಫೈಲೇ ಕೊನೇಲಿ ಕೆಟ್ಟು ಬಂತಲ್ಲೋ. ತಲುಪಿದ ಕಡೆಯೇ ನೋಡ್ಬೇಕು.”

“ಎಲ್ರಿಗೂ ಈಗ ಅವನೇ ದೇವರು. ನೀನೂ ನಿನ್ನೆ ಅವನ ಜೊತೆ ಊಟಕ್ಕೆ ಹೋದೆ!”

“ಅವನೇ ಬಂದು ಬಾಯಿಬಿಟ್ಟು ಕರೆದ.”

“ನಾನೂ ಕರೆದಿದ್ದೆ! ನಿನ್ನ ಪಕ್ಕದ ಮೇಜಿನ ಪೆಗ್ಗಿ ಕೈಲಿ ಹೇಳಿ ಕಳಿಸಿದ್ದೆ.”

“ನನಗ್ಯಾರೂ ಏನೂ ಹೇಳ್ಲಿಲ್ಲ.”

“ಹೇಳ್ದೆ ಅಂದ್ಲಲ್ಲ ಅವಳು!”

“ನೀನು ಅವಳನ್ನ ಕೇಳಿದೆ. ತಲುಪ್ತಾ ಅಂತ ನನ್ನ ಕೇಳಿದ್ಯೇನೋ, ಪೆದ್ದಾ?”

ಲೋರ್ನಾ ಪೊಟ್ಟಣ ಎತ್ತಿಕೊಂಡು ನಡೆದಳು. ಅವನು ತನ್ನದನ್ನು ಬಿಟ್ಟು, ಅವಳ ಹೆಸರು ಕೂಗುತ್ತ ಹಿಂದೆಯೇ ಓಡಿದ.