ಶನಿವಾರ ಮನೆಗೆ ಬರುತ್ತಿದ್ದ ಡಿಸ್ಕು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಪ್ರಾಂಶುಪಾಲರೇ, ಸಹೋದ್ಯೋಗಿಗಳೇ, ಊಟದ ಘಮಲು ಬಂದರೂ ಏಳದೆ ಕುಳಿತಿರುವ ಸಭಿಕರೇ,

ನನ್ನನ್ನು ಬೀಳ್ಕೊಡಲು ಇಷ್ಟು ಜನ ಸೇರಿದ್ದೀರಿ. ಹಾರ ಹಾಕಿದಿರಿ, ಹೊಗಳಿದಿರಿ. ಅನಂತರಾಜು ಇಲ್ಲದೆ ಕಂಪ್ಯೂಟರ್ ಲ್ಯಾಬ್ ಇಲ್ಲ ಎಂದಿರಿ. ತಪ್ಪು. ಲ್ಯಾಬ್ ನಡೆದೇ ನಡೆಯುತ್ತದೆ. ಆದರೆ ಹೋಗುವ ಮೊದಲು ಒಂದು ಡಿಸ್ಕನ್ನು ಮುಂದಿನವರ ಕೈಗೆ ಒಪ್ಪಿಸಬೇಕು. ಅದಕ್ಕೇ ಇಷ್ಟು ಪೀಠಿಕೆ.

ಏನಿದೆ ಆ ಡಿಸ್ಕಿನಲ್ಲಿ? ಲ್ಯಾಬಿನ ಸರ್ವರ್ ಎಂಬ ಒಂದೇ ದೊಡ್ಡ ಕಂಪ್ಯೂಟರಿನೊಳಗೆ ಪ್ರತಿ ವಿದ್ಯಾರ್ಥಿಗೂ ಒಂದೊಂದು ವರ್ಚುವಲ್ ಮಷೀನ್ ಮಾಡಿಕೊಟ್ಟಿದ್ದೆ. ಕೈಗೆ ಸಿಗದ ಕಂಪ್ಯೂಟರು, ಕೆಲಸವೆಲ್ಲ ನಿಜವಾದದ್ದೇ. ಒಬ್ಬರು ಕೆಡಿಸಿಕೊಂಡರೆ ಪಕ್ಕದವರದ್ದು ಕೆಡುವುದಿಲ್ಲ. ಪ್ರತಿ ಶನಿವಾರ ಅವನ್ನೆಲ್ಲ ಆಫ್ ಮಾಡಿಸಿ ಎರಡು ಡಿಸ್ಕಿಗೆ ನಕಲು ಮಾಡುತ್ತಿದ್ದೆ. ಒಂದು ಲ್ಯಾಬಿನ ಬೀರುವಿಗೆ, ಇನ್ನೊಂದು ಸ್ಕೂಟರಿನಲ್ಲಿ ಕೈಲಾಂಚದ ನಮ್ಮ ಮನೆಗೆ. "ಕಾಲೇಜಿನ ಸಾಮಾನು ಮನೆಗ್ಯಾಕ್ರೀ?" ಎಂದು ನಕ್ಕವರ ಹೆಸರು ಹೇಳುವುದಿಲ್ಲ. ಮೊದಲ ಸಾಲಿನಲ್ಲೇ ಇದ್ದಾರೆ.

ಒಂದು ವರ್ಷ ಬಂತು ಆಯುಧಪೂಜೆ. ನಮ್ಮ ಅಟೆಂಡರ್ ಅಂಕಯ್ಯ ಭಕ್ತಿಯಲ್ಲಿ ಯಾರಿಗೂ ಕಡಿಮೆಯಿಲ್ಲ. "ಇದೂ ಆಯುಧವೇ ಅಲ್ವಾ ಸಾ, ಬುಟ್ಬುಟ್ರೆ ಬೇಜಾರ್ ಮಾಡ್ಕತದೆ" ಎಂದು ಬೀರುವಿನ ಡಿಸ್ಕನ್ನೂ ತೆಗೆದು, ವೈರ್ ಚುಚ್ಚುವ ಜಾಗಕ್ಕೇ ಒದ್ದೆ ಕುಂಕುಮ ಮೆತ್ತಿದ. ಚಾಲೂ ಇದ್ದ ಸರ್ವರಿನ ಮೇಲೆ ಧಾರಾಳವಾಗಿ ಪನ್ನೀರು ಚಿಮುಕಿಸಿದ. ರಜೆ ಮುಗಿಸಿ ಬಂದರೆ ಎರಡೂ ಸತ್ತಿದ್ದವು. ಮರುದಿನ ಪ್ರಾಜೆಕ್ಟ್ ಪರೀಕ್ಷೆ. ಅಂತಿಮ ವರ್ಷದ ಮುಬಶ್ಶಿರಾ ಬಾಗಿಲಲ್ಲೇ ಅಳುತ್ತ ನಿಂತಳು. "ಸಾರ್, ನಂದೆಲ್ಲ ಹೋಗ್ಬುಡ್ತಾ?"

ಹೋಗಿರಲಿಲ್ಲ! ಮನೆಗೆ ಫೋನ್ ಮಾಡಿದೆ. ನನ್ನ ಹೆಂಡತಿ ಲತಾಮಣಿ ಡಿಸ್ಕನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದಳು. ಸಂಜೆಯೊಳಗೆ ಬೇರೆ ಕಂಪ್ಯೂಟರಿನಲ್ಲಿ ಎಲ್ಲರ ಮಷೀನುಗಳೂ ಎದ್ದು ಕುಳಿತವು. ನಗುವವರು ಅಂದಿಗೆ ನಗುವುದನ್ನು ಬಿಟ್ಟರು.

ಲತಾಮಣಿಗೆ ಬ್ಯಾಕಪ್ ಎಂದರೆ ತಿಳಿಯದು. ಶನಿವಾರ ಬಾಗಿಲಲ್ಲೇ ಕೇಳುತ್ತಿದ್ದಳು, "ಈ ಸಲ ಡಿಸ್ಕಲ್ಲಿ ಯಾರ್ಯಾರು ಬಂದವ್ರೆ?" ನಾನು ಹೆಸರು ಹೇಳಬೇಕು. ಮುಬಶ್ಶಿರಾ, ಮತೀನ್, ಪ್ರತಿಮಾ. "ಪ್ರತಿಮಂಗೆ ಜ್ವರ ಬುಡ್ತಾ?" ಎಂದು ವಿಚಾರಿಸುವಳು. ಧೂಳು ಕೂರದಿರಲೆಂದು ಡಿಸ್ಕಿಗೆ ಪುಟ್ಟ ಉಲ್ಲನ್ ಟೋಪಿ ತೊಡಿಸಿದಳು. ಅವಳೇ ಹೆಣೆದದ್ದು, ಬಹಳ ಹಿಂದೆ. ಅಳತೆ ಸರಿಹೋಯಿತು. ನಮ್ಮ ಮನೆಯಲ್ಲಿ ಅದಕ್ಕೆ ಬೇರೆ ಉಪಯೋಗ ಬರಲಿಲ್ಲ. ಭಾನುವಾರ ಮನೆ ತುಂಬಿದ ಹಾಗಿರುತ್ತಿತ್ತು ಎಂದರೆ ನೀವು ನಗಬಹುದು. ನಗಿ, ಪರವಾಗಿಲ್ಲ.

ಎಲ್ಲಿದ್ದೆ? ಹಾಂ, ಡಿಸ್ಕು. ಆ ಮುಬಶ್ಶಿರಾಳೇ ಈಗ ಲ್ಯಾಬಿನ ಹೊಸ ಮೇಡಂ. ಬಾಮ್ಮ ಮುಂದೆ. ಶನಿವಾರ ತಪ್ಪಿಸಬೇಡ. ನಿಮ್ಮ ಮನೆಯಲ್ಲಿ ರೇಷ್ಮೆಗೂಡು ಬೇಯಿಸುವ ಆವಿಯಿರುತ್ತದೆ, ಆ ಕೋಣೆಯಲ್ಲಿಡಬೇಡ. ಅಂಕಯ್ಯನಿಗೆ ದೂರದಿಂದಲೇ ಕೈಮುಗಿಯಲು ಹೇಳು.

ಲತಾಮಣಿ, ಚೀಲದಿಂದ ತೆಗೆ. ಕೊಡು. ಕೊಟ್ಟುಬಿಡು. ಅಯ್ಯೋ, ಟೋಪಿ ಬಿಚ್ಚಬೇಡ. ಟೋಪಿ ಸಮೇತವೇ ಕೊಡು.

ಇಷ್ಟು ಹೊತ್ತು ನನ್ನನ್ನು ಸಹಿಸಿಕೊಂಡಿರಿ, ನಿಮಗೆಲ್ಲ ನಾನು ಋಣಿ. ಮುಬಶ್ಶಿರಾ, ಕೊನೆಯದಾಗಿ ಒಂದು ಮಾತು. ಶನಿವಾರ ಸಂಜೆ ನಮ್ಮ ಮನೆಗೊಂದು ಫೋನ್ ಮಾಡಮ್ಮ. ಯಾರ್ಯಾರು ಬಂದಿದ್ದಾರೆಂದು ಹೇಳು. ಇವಳು ಕಾಯುತ್ತಿರುತ್ತಾಳೆ.

ನಮಸ್ಕಾರ.