ಎರಡು ಟೇಬಲ್‌ಗಳ ಮೊದಲ ಸಾಲು

ಪ್ರಿಂಟ್ ಅಂಗಡಿಯ ಸರದಿಯಲ್ಲಿ ನರ್ಸ್ ಒಬ್ಬರು ನಿಂತಿದ್ದರು. ಮುಂದೆ ನಿಂತಿದ್ದ ಅಪ್ಪ-ಮಗಳ ಮಾತು ತಾನಾಗಿ ಕಿವಿಗೆ ಬಿತ್ತು. ಮಗಳು ತೆರೆದ ಲ್ಯಾಪ್‌ಟಾಪನ್ನು ಮುಂಗೈ ಮೇಲಿಟ್ಟುಕೊಂಡಿದ್ದಳು. ಕಳೆದ ಮಾತು ಮರಳುವುದರ ಕುರಿತ ಅವಳ ಪ್ರಬಂಧ ಸಲ್ಲಿಸಲು ಅಂದೇ ಕಡೇ ದಿನ.

"ಪುಟದಲ್ಲಿ ಪಕ್ಕಪಕ್ಕ ಇಟ್ರೆ ಚಿಕ್ಕ ಟೇಬಲ್ಲು ಕೆಳಗೆ ಜಾರಿ ದೊಡ್ಡದರ ನಡುಮಧ್ಯದ ಸಾಲಿಗೆ ಹೋಗಿ ಕೂರುತ್ತೆ ಅಪ್ಪಾ. ಪುಟ ಜೋಡಿಸೋ ಈ ಲೇಟೆಕ್ ಸಾಫ್ಟ್‌ವೇರ್ ಮಾತೇ ಕೇಳ್ತಿಲ್ಲ."

"ಚಿಕ್ಕದ್ರಲ್ಲಿ... ಏನಿದೆ?"

"ಸ್ಟ್ರೋಕ್ ಆದ ಮೊದಲ ತಿಂಗಳು ನೀವು ಆಡಿದ ಮಾತು. ನಾಲ್ಕೇ ಸಾಲು. ದೊಡ್ಡದು ಈ ವರ್ಷದ್ದು."

ಅಪ್ಪ ತೆರೆಯತ್ತ ಬಾಗಿದರು. "ಪ್ರೆಸ್ಸಲ್ಲಿ ಅಚ್ಚುಮೊಳೆ ಜೋಡಿಸುವಾಗ... ಮೇಲಿನ ಸಾಲು ಸಮ ಹಿಡೀತಿದ್ವಿ. ಕೆಳಗೆ ಎಷ್ಟಾದ್ರೂ... ಉದ್ದ ಇರ್ಲಿ."

"ಮೇಲಿನ ಸಾಲು... ಅಯ್ಯೋ, ಹೌದಲ್ಲ! ಚೌಕ ಕಂಸದೊಳಗೆ 'ಟಿ' ಹಾಕ್ಬೇಕು, ಟಾಪ್ ಅಂತ. ಎರಡಕ್ಕೂ." ಅವಳ ಬೆರಳು ಓಡಿತು. "ಬಂತು ನೋಡಿ, ಸಮ ಬಂತು!"

ಎಡಗಡೆಯ ಚಿಕ್ಕ ಟೇಬಲ್ಲಿನ ಮೊದಲ ಸಾಲಿನಲ್ಲಿ ಬರೀ 'ನೀ' ಇತ್ತು. ಅಪ್ಪ ಬಲಗಡೆಯದನ್ನು ತಡವರಿಸದೆ ಓದಿದರು: "ನೀರು ಕೊಡು ಮಗಳೇ."

ಹಿಂದಿನಿಂದ ನರ್ಸ್ ಕೂಡ ತೆರೆಯತ್ತ ಕತ್ತು ಚಾಚಿದರು.

"ಓದಿದ್ದಾ ಅಪ್ಪಾ, ನೀರು ಕೇಳಿದ್ದಾ?"

"ಎರಡೂ."

ಮಗಳು ನಗುತ್ತಲೇ ಕಣ್ಣೊರೆಸಿಕೊಂಡು ಬಾಟಲಿ ತೆಗೆದುಕೊಟ್ಟಳು. ಅಂಗಡಿಯವನು ಕೂಗಿದ, ಇಬ್ಬರೂ ಕೌಂಟರಿನತ್ತ ನಡೆದರು.